ಬಚ್ಚಿಡುವುದು ಆಮೇಲೆ, ಹೋಲ್‌ಸ್ಟರ್ ಮೊದಲು ಟ್ರಿಗರ್ ಕಾಯಬೇಕು

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರದ ಫ್ರಿಸ್ಕೋದಲ್ಲಿದ್ದೇವೆ. ಈಗ ಅಮೆರಿಕದ ಸಿಟಿಜನ್‌ಶಿಪ್ ಸಿಕ್ಕಿದೆ. ಕೆಲಸ ಮುಗಿಸಿ ರಾತ್ರಿ ತಡವಾಗಿ ಒಬ್ಬಳೇ ಪಾರ್ಕಿಂಗ್‌ವರೆಗೆ ನಡೆಯಬೇಕಾಗುತ್ತದೆ. ಹಾಗಾಗಿ ಕ್ಲಾಸ್ ಮುಗಿಸಿ, ಲೈಸೆನ್ಸ್ ಮಾಡಿಸಿ, ಒಂದು ಗ್ಲಾಕ್ 43ಎಕ್ಸ್ ಪಿಸ್ತೂಲು ಕೊಂಡೆ. ಹದಿನೈದು ಡಾಲರ್‌ಗೆ ‘ಎಲ್ಲ ಪಿಸ್ತೂಲಿಗೂ ಹೊಂದುತ್ತದೆ’ ಅನ್ನುವ ನೈಲಾನ್ ಹೋಲ್‌ಸ್ಟರ್ (ಪಿಸ್ತೂಲು ಇಟ್ಟುಕೊಳ್ಳುವ ಒರೆ) ಕೂಡ ತರಿಸಿದೆ. ನಮ್ಮ ಮನೆಯವರು ‘ಅದೆಲ್ಲ ಯಾಕೆ, ಹ್ಯಾಂಡ್‌ಬ್ಯಾಗ್‌ನಲ್ಲಿ ಇಟ್ಟುಕೋ’ ಅನ್ನುತ್ತಾರೆ. ಗೆಳತಿಯೊಬ್ಬಳು ಚರ್ಮದ್ದೇ ವಾಸಿ ಅನ್ನುತ್ತಾಳೆ. ಆಫೀಸಿಗೆ ಜೀನ್ಸ್, ದೇವಸ್ಥಾನಕ್ಕೆ ಮತ್ತು ಸಂಘದ ಕಾರ್ಯಕ್ರಮಗಳಿಗೆ ಚೂಡಿದಾರ್ ಅಥವಾ ಸೀರೆ. ಮನೆಯಲ್ಲಿ ಆರು ವರ್ಷದ ಮಗ ಇದ್ದಾನೆ. ಯಾವ ಹೋಲ್‌ಸ್ಟರ್ ತೆಗೆದುಕೊಳ್ಳಲಿ, ಮೇಡಂ?

ಉತ್ತರ:

ಮೊದಲು ಆ ನೈಲಾನ್ ಹೋಲ್‌ಸ್ಟರ್ ವಾಪಸ್ ಕಳಿಸಿ. ವಾಪಸ್ ತೆಗೆದುಕೊಳ್ಳದಿದ್ದರೆ ಕತ್ತರಿಸಿ ಕಸಕ್ಕೆ ಹಾಕಿ. ಹದಿನೈದು ಡಾಲರ್ ಹೋದರೆ ಹೋಗಲಿ. ಬೇರೆ ಯಾರಿಗೂ ಕೊಡಲೂಬೇಡಿ.

ಇಷ್ಟು ಖಡಾಖಂಡಿತವಾಗಿ ಯಾಕೆ ಹೇಳುತ್ತಿದ್ದೇನೆ ಅಂತ ಅರ್ಥ ಆಗಬೇಕಾದರೆ ನಿಮ್ಮ ಪಿಸ್ತೂಲಿನ ಒಳಗೆ ಏನಿದೆ ಅಂತ ಸ್ವಲ್ಪ ನೋಡಬೇಕು. ಸಾಮಾನ್ಯ ಗ್ಲಾಕ್ 43ಎಕ್ಸ್‌ಗೆ ಹೆಬ್ಬೆರಳಿನಿಂದ ಮೇಲೆ ಕೆಳಗೆ ಮಾಡುವ ಸೇಫ್ಟಿ ಇರುವುದಿಲ್ಲ. ಅದರ ಸೇಫ್ಟಿ ಮೂರು. ಒಂದು, ಟ್ರಿಗರ್‌ನ ನಡುವೆ ಕಾಣುವ ಪುಟ್ಟ ನಾಲಿಗೆ. ಇನ್ನೊಂದು, ಗುಂಡಿನ ಹಿಂಭಾಗಕ್ಕೆ ಬಡಿದು ಅದನ್ನು ಹಾರಿಸುವ ಫೈರಿಂಗ್ ಪಿನ್ ಮುಂದಕ್ಕೆ ಹೋಗದಂತೆ ಅಡ್ಡ ನಿಲ್ಲುವ ತುಂಡು. ಮತ್ತೊಂದು, ಕೆಳಗೆ ಬಿದ್ದ ಏಟಿಗೆ ಗುಂಡು ಹಾರದಂತೆ ತಡೆಯುವ ಏರ್ಪಾಡು. ಮೂರೂ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಟ್ರಿಗರ್ ಹಿಂದಕ್ಕೆ ಹೋದರೆ ಮೂರೂ ಒಟ್ಟಿಗೆ ದಾರಿ ಬಿಟ್ಟುಕೊಡುತ್ತವೆ. ಅದಕ್ಕೆ ಬೇಕಾಗುವ ಒತ್ತಡ ಸುಮಾರು ಎರಡೂವರೆ ಕಿಲೋ. ಟ್ರಿಗರ್ ಸರಿಯಬೇಕಾದ ದೂರ ಅರ್ಧ ಇಂಚು. ಒತ್ತಿದ್ದು ಬೆರಳೋ, ಅಂಗಿಯ ಮಡಿಕೆಯೋ, ಬ್ಯಾಗಿನೊಳಗಿನ ಪೆನ್ನೋ, ಪಿಸ್ತೂಲಿಗೆ ಎಲ್ಲವೂ ಒಂದೇ.

ಹಾಗಾಗಿ ನಿಮ್ಮ ಪಿಸ್ತೂಲಿಗೆ ನಾಲ್ಕನೆಯ ಸೇಫ್ಟಿ ಅಂತ ಒಂದಿದ್ದರೆ ಅದು ಹೋಲ್‌ಸ್ಟರ್. ಜನ ಹೋಲ್‌ಸ್ಟರ್ ಕೊಳ್ಳುವಾಗ ‘ಚೆನ್ನಾಗಿ ಮುಚ್ಚುತ್ತಾ? ಚುಚ್ಚದೆ ಹಿತವಾಗಿರುತ್ತಾ?’ ಅಂತ ಕೇಳುತ್ತಾರೆ. ಆ ಪ್ರಶ್ನೆಗಳೂ ಬೇಕು, ಆದರೆ ಆಮೇಲೆ. ಮೊದಲ ಪ್ರಶ್ನೆ ಒಂದೇ: ಇದರೊಳಗೆ ಪಿಸ್ತೂಲು ಇರುವಾಗ ಟ್ರಿಗರ್ ಅನ್ನು ಯಾವುದಾದರೂ ಮುಟ್ಟಲು ಸಾಧ್ಯವಾ? ಸಾಧ್ಯ ಅಂತಾದರೆ ಅದು ಎಷ್ಟೇ ಚೆಂದ ಇರಲಿ, ಬೇಡ.

ನೈಲಾನ್ ಹೋಲ್‌ಸ್ಟರ್‌ನಲ್ಲಿ ಇದು ಧಾರಾಳವಾಗಿ ಸಾಧ್ಯ. ಬಟ್ಟೆ ಮೆತ್ತಗಿರುತ್ತದೆ. ಹೊರಗಿನಿಂದ ಒತ್ತಿದರೆ ಟ್ರಿಗರ್ ಕೈಗೆ ಸಿಗುತ್ತದೆ. ಪಿಸ್ತೂಲು ಹೊರಗೆ ತೆಗೆದ ತಕ್ಷಣ ಅದರ ಬಾಯಿ ಮುಚ್ಚಿಕೊಳ್ಳುತ್ತದೆ. ವಾಪಸ್ ಹಾಕಬೇಕಾದರೆ ಇನ್ನೊಂದು ಕೈಯಿಂದ ಬಾಯಿ ಬಿಡಿಸಬೇಕು, ಆಗ ಪಿಸ್ತೂಲಿನ ಮೂತಿ ನಿಮ್ಮ ಬೆರಳುಗಳ ಮೇಲೆಯೇ ಹಾದುಹೋಗುತ್ತದೆ. ಎಲ್ಲ ಪಿಸ್ತೂಲಿಗೂ ಹೊಂದುವ ಹೋಲ್‌ಸ್ಟರ್ ಯಾವ ಪಿಸ್ತೂಲಿನ ಟ್ರಿಗರ್ ಗಾರ್ಡಿಗೂ, ಅಂದರೆ ಟ್ರಿಗರ್ ಸುತ್ತಲಿನ ಬಳೆಗೂ, ಸರಿಯಾಗಿ ಕೂರುವುದಿಲ್ಲ.

ಹಳಬರು ಕೆಲವರು ‘ನಾವು ಮೂವತ್ತು ವರ್ಷ ಮೆತ್ತಗಿನ ಹೋಲ್‌ಸ್ಟರ್ ಬಳಸಿದ್ದೇವೆ, ಏನೂ ಆಗಿಲ್ಲ’ ಅನ್ನುತ್ತಾರೆ. ಅವರಲ್ಲಿ ಹೆಚ್ಚಿನವರ ಹತ್ತಿರ ಇದ್ದದ್ದು ರಿವಾಲ್ವರ್. ಹಿಂದಿನ ಹ್ಯಾಮರ್ ಅನ್ನು ಮೊದಲು ಎಳೆದಿಡದೆ ಹಾರಿಸುವಾಗ ರಿವಾಲ್ವರ್‌ನ ಟ್ರಿಗರ್ ಎಳೆಯಲು ಸಾಮಾನ್ಯವಾಗಿ ಸುಮಾರು ಐದು ಕಿಲೋ ಬಲ ಬೇಕಾಗುತ್ತದೆ. ಅದು ಸರಿಯುವ ದೂರವೂ ಹೆಚ್ಚು. ಆ ಅನುಭವವನ್ನು ಗ್ಲಾಕ್‌ಗೆ ತಂದು ಹಚ್ಚಬಾರದು.

ಹೋಲ್‌ಸ್ಟರ್ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ಪ್ಲ್ಯಾಕ್ಸಿಕೊ ಬರೆಸ್. ನ್ಯೂಯಾರ್ಕ್ ಜೈಂಟ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟಗಾರ. 2008ರ ಫೆಬ್ರವರಿಯಲ್ಲಿ ಆ ಆಟದ ಫೈನಲ್ ಆದ ಸೂಪರ್ ಬೌಲ್ ಗೆಲ್ಲಿಸಿಕೊಟ್ಟ ಕ್ಯಾಚ್ ಹಿಡಿದವನು. ಅದೇ ವರ್ಷ ನವೆಂಬರ್‌ನಲ್ಲಿ ಮ್ಯಾನ್‌ಹಟನ್‌ನ ಒಂದು ನೈಟ್‌ಕ್ಲಬ್‌ಗೆ ಹೋದಾಗ ಗ್ಲಾಕ್ ಪಿಸ್ತೂಲನ್ನು ಪ್ಯಾಂಟಿನ ಸೊಂಟಕ್ಕೆ ಸುಮ್ನೆ ಸಿಕ್ಕಿಸಿಕೊಂಡಿದ್ದ. ಅದು ಜಾರಿ ಕಾಲಿನ ಕಡೆ ಇಳಿಯಿತು. ಹಿಡಿಯಲು ಹೋದಾಗ ಟ್ರಿಗರ್ ಒತ್ತಿಹೋಗಿ ಗುಂಡು ಅವನ ಬಲತೊಡೆಗೆ ಹೊಕ್ಕಿತು. ನ್ಯೂಯಾರ್ಕ್‌ನಲ್ಲಿ ಆ ಪಿಸ್ತೂಲಿಗೆ ಲೈಸೆನ್ಸ್ ಇರಲಿಲ್ಲ. ಎರಡು ವರ್ಷದ ಜೈಲುಶಿಕ್ಷೆ ಆಯಿತು.

ಹೋಲ್‌ಸ್ಟರ್ ಇದ್ದೂ ಅದಕ್ಕೆ ಹಿಡಿತ ಇಲ್ಲದಿದ್ದರೆ? 2018ರ ಜೂನ್‌ನಲ್ಲಿ ಡೆನ್ವರ್‌ನ ಒಂದು ಬಾರ್‌ನಲ್ಲಿ ಡ್ಯೂಟಿಯಲ್ಲಿ ಇಲ್ಲದ ಎಫ್‌ಬಿಐ ಏಜೆಂಟ್ ಒಬ್ಬರು ಕುಣಿಯುತ್ತಾ ಹಿಮ್ಮುಖ ಪಲ್ಟಿ ಹೊಡೆದರು. ಸೊಂಟದಲ್ಲಿದ್ದ ಪಿಸ್ತೂಲು ನೆಲಕ್ಕೆ ಬಿತ್ತು. ಗಡಿಬಿಡಿಯಲ್ಲಿ ಎತ್ತಿಕೊಳ್ಳುವಾಗ ಗುಂಡು ಹಾರಿ ಪಕ್ಕದಲ್ಲಿದ್ದವರ ಕಾಲಿಗೆ ತಗುಲಿತು. ಗಮನಿಸಿ, ಬಿದ್ದಾಗ ಹಾರಲಿಲ್ಲ, ಎತ್ತಿಕೊಳ್ಳುವಾಗ ಹಾರಿತು. ನನ್ನ ಕ್ಲಾಸಿಗೆ ಬರುವವರಿಗೆ ಮೊದಲ ದಿನವೇ ಹೇಳುತ್ತೇನೆ: ಪಿಸ್ತೂಲು ಕೈಜಾರಿದರೆ ಬೀಳಲು ಬಿಡಿ. ಗಾಳಿಯಲ್ಲಿ ಹಿಡಿಯಲು ಹೋಗಬೇಡಿ. ಈಗಿನ ಒಳ್ಳೆಯ ಪಿಸ್ತೂಲುಗಳನ್ನು ಬಿದ್ದರೆ ಹಾರದಂತೆಯೇ ಮಾಡಿರುತ್ತಾರೆ. ಹಿಡಿಯಲು ಚಾಚಿದ ಬೆರಳು ಮಾತ್ರ ನೇರ ಟ್ರಿಗರ್ ಮೇಲೆ ಹೋಗುತ್ತದೆ.

ಈಗ ಯಾವುದರಿಂದ ಮಾಡಿದ್ದು ಬೇಕು ಅನ್ನುವ ವಿಷಯ. ನಿಮಗೆ ನಾನು ಹೇಳುವುದು ಕೈಡೆಕ್ಸ್. ಇದೊಂದು ಗಟ್ಟಿ ಪ್ಲಾಸ್ಟಿಕ್ ಹಾಳೆ. ಬಿಸಿ ಮಾಡಿ ಪಿಸ್ತೂಲಿನ ಅಚ್ಚಿನ ಮೇಲೆ ಒತ್ತಿ ಆಕಾರ ಕೊಡುತ್ತಾರೆ. ಒಂದು ಮಾಡೆಲ್‌ಗೆ ಮಾಡಿದ್ದು ಆ ಮಾಡೆಲ್‌ಗೇ ಕೂರುತ್ತದೆ. ಪಿಸ್ತೂಲು ಪೂರ್ತಿ ಒಳಗೆ ಹೋದಾಗ ಟ್ರಿಗರ್ ಗಾರ್ಡ್ ಹತ್ತಿರ ‘ಟಕ್’ ಅಂತ ಕೂರುವುದು ಕೈಗೂ ಕಿವಿಗೂ ತಿಳಿಯುತ್ತದೆ. ಪಿಸ್ತೂಲು ತೆಗೆದ ಮೇಲೂ ಬಾಯಿ ತೆರೆದೇ ಇರುತ್ತದೆ. ಬೆವರು ಕುಡಿಯುವುದಿಲ್ಲ. ದೋಷ ಏನು ಅಂದರೆ ಅದು ಬಿಸಿಗೆ ಬಗ್ಗುತ್ತದೆ. ಟೆಕ್ಸಸ್ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಬೇಡಿ. ಸ್ವಲ್ಪ ಬಗ್ಗಿದರೂ ಆ ‘ಟಕ್’ ಹೋಗುತ್ತದೆ.

ನಿಮ್ಮ ಗೆಳತಿ ಹೇಳಿದ ಚರ್ಮ ಕೆಟ್ಟದ್ದಲ್ಲ. ಒಳ್ಳೆಯ ದಪ್ಪ ಚರ್ಮವನ್ನು ಆಯಾ ಪಿಸ್ತೂಲಿಗೇ ಅಚ್ಚು ಹಾಕಿ, ಬಾಯಿಯ ಸುತ್ತ ಇನ್ನೊಂದು ಪಟ್ಟಿ ಕೊಟ್ಟು ಹೊಲಿದಿದ್ದರೆ ಅದು ವರ್ಷಗಟ್ಟಲೆ ಚೆನ್ನಾಗಿ ಬಾಳುತ್ತದೆ. ಆದರೆ ಚರ್ಮ ಬೆವರಿಗೆ, ಹಳತಾದ ಹಾಗೆ ಮೆತ್ತಗಾಗುತ್ತದೆ. 2011ರಲ್ಲಿ ಇಲ್ಲಿ ಬಹಳ ಚರ್ಚೆಯಾದ ಘಟನೆಯಲ್ಲಿ, ಸವೆದ ಚರ್ಮದ ಹೋಲ್‌ಸ್ಟರ್‌ನ ಬಾಯಿಯ ಅಂಚು ಒಳಕ್ಕೆ ಮಡಚಿಕೊಂಡು ಟ್ರಿಗರ್ ಗಾರ್ಡ್ ಒಳಗೆ ಸೇರಿತ್ತು. ಪಿಸ್ತೂಲು ಗ್ಲಾಕ್ 19. ಆ ಮನುಷ್ಯ ಕಾರಿನ ಸೀಟಿನಲ್ಲಿ ಮೈ ಸರಿಸಿದಾಗ ಮಡಚಿದ ಚರ್ಮವೇ ಬೆರಳಿನಂತೆ ಟ್ರಿಗರ್ ಒತ್ತಿತು. ಚರ್ಮ ಬಳಸುವವರು ಆ ಅಂಚನ್ನು ಆಗಾಗ ಹೆಬ್ಬೆರಳಿನಿಂದ ಒಳಕ್ಕೆ ತಳ್ಳಿ ನೋಡಬೇಕು. ಬಗ್ಗಿ ನಿಂತುಬಿಟ್ಟರೆ ಅದರ ಕಾಲ ಮುಗಿಯಿತು. ಹೊಸದಾಗಿ ಶುರು ಮಾಡುವವರಿಗೆ ಈ ಎಚ್ಚರಿಕೆ ಒಂದು ಹೆಚ್ಚಿನ ಹೊರೆ. ಅದಕ್ಕೇ ನಿಮಗೆ ಕೈಡೆಕ್ಸ್ ಸಾಕು ಅಂದದ್ದು. ಬೆನ್ನಿಗೆ ಚರ್ಮ, ಮುಂದೆ ಕೈಡೆಕ್ಸ್ ಇರುವ ಜೋಡಿ ಹೋಲ್‌ಸ್ಟರ್‌ಗಳಲ್ಲೂ ಮೇಲಿನ ಚರ್ಮದ ತುದಿ ಮೆತ್ತಗಾಗಿ ಬಾಯಿಯ ಕಡೆ ಬಾಗುತ್ತದೆ.

ಒಳ್ಳೆಯ ಕೈಡೆಕ್ಸ್ ಹೋಲ್‌ಸ್ಟರ್ 60ರಿಂದ 120 ಡಾಲರ್ ಒಳಗೆ ಸಿಗುತ್ತದೆ. ಆರ್ಡರ್ ಮಾಡುವಾಗ ಮಾಡೆಲ್ ಹೆಸರು ಪೂರ್ತಿ ನೋಡಿ. ಗ್ಲಾಕ್ 43 ಮತ್ತು 43ಎಕ್ಸ್‌ನ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಅಳತೆ ಒಂದೇ, ಹಾಗಾಗಿ ಅವೆರಡಕ್ಕೂ ಒಂದೇ ಹೋಲ್‌ಸ್ಟರ್ ಕೊಡುವವರಿದ್ದಾರೆ, ಅದು ಸರಿ. 43ಎಕ್ಸ್ ಎಂಒಎಸ್ ಅನ್ನುವ ಮಾಡೆಲ್ ಆದರೆ ಮುಂದೆ ಲೈಟ್ ಸಿಕ್ಕಿಸುವ ಜಾಗ ಇರುತ್ತದೆ, ಅದನ್ನು ತಿಳಿಸಿ. ಪಿಸ್ತೂಲಿಗೆ ಲೈಟ್ ಹಾಕುವ ಆಸೆ ಇದ್ದರೆ ಈಗಲೇ ತೀರ್ಮಾನಿಸಿ, ಯಾಕೆಂದರೆ ಲೈಟ್ ಇರುವ ಪಿಸ್ತೂಲಿನ ಹೋಲ್‌ಸ್ಟರ್ ಬೇರೆ. ಅಗಲವಾದ ಲೈಟ್ ಒಳಗೆ ಹೋಗಬೇಕಾದರೆ ಬಾಯಿಯೂ ಅಗಲ ಬೇಕು. ಆಗ ಟ್ರಿಗರ್ ಗಾರ್ಡಿನ ಪಕ್ಕದಲ್ಲಿ ಸಂದಿ ಬೀಳುತ್ತದೆ. ದೊಡ್ಡ ಲೈಟ್‌ಗಳ ಕೆಲವು ಹೋಲ್‌ಸ್ಟರ್‌ಗಳಲ್ಲಿ ಆ ಸಂದಿಯಲ್ಲಿ ಬೆರಳೇ ತೂರುತ್ತದೆ. ನಿಮಗೆ ಮೊದಲ ವರ್ಷ ಪಿಸ್ತೂಲಿನ ಮೇಲೆ ಲೈಟ್ ಬೇಡ. ಪಾರ್ಕಿಂಗ್‌ನಲ್ಲಿ ಬೆಳಕು ಬೇಕಾದರೆ ಕೈಯಲ್ಲಿ ಒಂದು ಚಿಕ್ಕ ಟಾರ್ಚ್ ಇಟ್ಟುಕೊಳ್ಳಿ, ಹತ್ತರಲ್ಲಿ ಒಂಬತ್ತು ಸಲ ಬೇಕಾಗುವುದು ಅದೇ.

ಹೋಲ್‌ಸ್ಟರ್ ಮನೆಗೆ ಬಂದ ದಿನ ಹೀಗೆ ಪರೀಕ್ಷೆ ಮಾಡಿ. ಮಗ ಶಾಲೆಗೆ ಹೋಗಿರುವ ಹೊತ್ತಿನಲ್ಲಿ ಮಾಡಿದರೆ ಒಳ್ಳೆಯದು. ಮೊದಲು ಮ್ಯಾಗಜಿನ್, ಅಂದರೆ ಹಿಡಿಯೊಳಗಿನ ಗುಂಡುಗಳ ಡಬ್ಬಿ, ತೆಗೆಯಿರಿ. ಆಮೇಲೆ ಸ್ಲೈಡ್ ಹಿಂದಕ್ಕೆ ಎಳೆದು, ಹಾರಲು ಸಿದ್ಧವಾದ ಗುಂಡು ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಈ ಕ್ರಮ ತಿರುಗುಮುರುಗು ಆಗಬಾರದು. ಸ್ಲೈಡ್ ಮೊದಲು ಎಳೆದರೆ ಮ್ಯಾಗಜಿನ್‌ನಿಂದ ಇನ್ನೊಂದು ಗುಂಡು ಚೇಂಬರ್‌ಗೆ ಏರಿ ಕೂರುತ್ತದೆ. ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬನ್ನಿ.

ಖಾಲಿ ಪಿಸ್ತೂಲನ್ನು ಹೋಲ್‌ಸ್ಟರ್‌ಗೆ ಹಾಕಿ, ಟ್ರಿಗರ್ ಇರುವ ಜಾಗವನ್ನು ಎರಡೂ ಕಡೆಯಿಂದ ಹೆಬ್ಬೆರಳುಗಳಲ್ಲಿ ಗಟ್ಟಿಯಾಗಿ ಒತ್ತಿ. ಟ್ರಿಗರ್ ಅಲ್ಲಾಡಲೇಬಾರದು. ಮೇಲಿನಿಂದ ಇಣುಕಿ ನೋಡಿ, ಟ್ರಿಗರ್‌ನ ಒಂದು ಅಂಚೂ ಕಾಣಬಾರದು. ಇನ್ನು ಹಾಸಿಗೆಯ ಮೇಲೆ ಹೋಲ್‌ಸ್ಟರ್ ಅನ್ನು ತಲೆಕೆಳಗು ಮಾಡಿ ಹಿಡಿದು ಜೋರಾಗಿ ಅಲ್ಲಾಡಿಸಿ. ಪಿಸ್ತೂಲು ಜಾರಿದರೆ ಟ್ರಿಗರ್ ಗಾರ್ಡ್ ಹತ್ತಿರ ಇರುವ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿ ಮತ್ತೆ ನೋಡಿ. ಕೈಯಲ್ಲಿ ಎಳೆದರೆ ಬರಬೇಕು, ತಾನಾಗಿ ಬೀಳಬಾರದು.

ಆಮೇಲೆ ಬೆಲ್ಟ್ ಮೇಲೆ ಸಿಕ್ಕಿಸಿಕೊಂಡು ಒಂದಿಪ್ಪತ್ತು ಸಲ ಖಾಲಿ ಪಿಸ್ತೂಲನ್ನು ಬಿರುಸಾಗಿ ಎಳೆದು ತೆಗೆಯಿರಿ. ಬೆಲ್ಟಿಗೆ ಹಿಡಿದುಕೊಂಡಿರುವ ಕ್ಲಿಪ್ ಮೇಲೆ ಕಣ್ಣಿರಲಿ. ಅಗ್ಗದ ಕ್ಲಿಪ್ ಆದರೆ ಪಿಸ್ತೂಲಿನ ಜೊತೆ ಹೋಲ್‌ಸ್ಟರ್ ಕೂಡ ಕಿತ್ತು ಬರುತ್ತದೆ. ಕ್ಲಿಪ್‌ನ ಕೆಳತುದಿಯಲ್ಲಿ ಬೆಲ್ಟಿನ ಅಂಚಿಗೆ ಸಿಕ್ಕಿ ಹಿಡಿಯುವ ಕೊಕ್ಕೆ ಇರಬೇಕು. ಬೆಲ್ಟ್ ಕೂಡ ಅಷ್ಟೇ ಮುಖ್ಯ. ಹೆಂಗಸರ ಪ್ಯಾಂಟಿನ ಜೊತೆ ಬರುವ ತೆಳು ಬೆಲ್ಟ್ ಅರ್ಧ ಕಿಲೋ ಪಿಸ್ತೂಲು ಹೊರುವುದಿಲ್ಲ, ತಿರುಚಿಕೊಳ್ಳುತ್ತದೆ. ಬೆಲ್ಟ್ ತಿರುಚಿದರೆ ಪಿಸ್ತೂಲಿನ ಹಿಡಿ ಹೊರಕ್ಕೆ ವಾಲಿ ಅಂಗಿ ಉಬ್ಬುತ್ತದೆ. ಜನ ಆಗ ಹೋಲ್‌ಸ್ಟರ್ ಅನ್ನು ಬೈಯುತ್ತಾರೆ.

ಮೈಮೇಲೆ ಎಲ್ಲಿ? ಇದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಬಲಗೈಯವರು ಬಲ ಸೊಂಟದ ಮೇಲೆ ಅಥವಾ ಸ್ವಲ್ಪ ಹಿಂದಕ್ಕೆ ಇಟ್ಟುಕೊಳ್ಳುವುದು ಹಳೆಯ ಪದ್ಧತಿ. ಹೆಂಗಸರಿಗೆ ಅಲ್ಲೊಂದು ತೊಂದರೆ ಇದೆ. ಸೊಂಟದ ತಿರುವು ಹೋಲ್‌ಸ್ಟರ್‌ನ ಕೆಳಭಾಗವನ್ನು ಹೊರಕ್ಕೆ ತಳ್ಳುತ್ತದೆ, ಆಗ ಹಿಡಿ ಒಳಕ್ಕೆ ಬಾಗಿ ಪಕ್ಕೆಲುಬಿಗೆ ಚುಚ್ಚುತ್ತದೆ. ಹಾಗಾಗಿ ಬಹಳ ಜನ ಹೆಂಗಸರಿಗೆ ಹೊಟ್ಟೆಯ ಮುಂಭಾಗ, ಹೊಕ್ಕುಳಿಗೆ ಸ್ವಲ್ಪ ಬಲಕ್ಕೆ, ಪ್ಯಾಂಟಿನ ಒಳಗೆ ಇಟ್ಟುಕೊಳ್ಳುವ ಅಪೆಂಡಿಕ್ಸ್ ಕ್ಯಾರಿ ಹೆಚ್ಚು ಹೊಂದುತ್ತದೆ. ಅಂಗಿಯ ಕೆಳಗೆ ಕಾಣುವುದೂ ಕಮ್ಮಿ. ಜನಜಂಗುಳಿಯಲ್ಲಿ ಅದು ನಿಮ್ಮ ಕೈಗಳ ನಡುವೆಯೇ ಇರುತ್ತದೆ, ಹಿಂದಿನಿಂದ ಯಾರೂ ಕೈ ಹಾಕಲಾಗುವುದಿಲ್ಲ.

ಆದರೆ ಅಪೆಂಡಿಕ್ಸ್‌ನಲ್ಲಿ ಪಿಸ್ತೂಲಿನ ಮೂತಿ ನಿಮ್ಮ ತೊಡೆಸಂದಿಯ ಕಡೆಗಿರುತ್ತದೆ. ಅಲ್ಲಿ ಕಾಲಿಗೆ ಇಳಿಯುವ ದೊಡ್ಡ ರಕ್ತನಾಳ ಇದೆ. ಅದಕ್ಕೆ ಗುಂಡು ತಗುಲಿದರೆ ಆಂಬುಲೆನ್ಸ್ ಬರುವಷ್ಟು ಹೊತ್ತು ಸಿಗದೇ ಹೋಗಬಹುದು. ನಾನು ಕೊಡಗಿನವಳು. ಕೋವಿ ಇರುವ ಮನೆಯಲ್ಲಿ, ಕೈಲ್ ಪೊಳ್ದ್ ಹಬ್ಬದ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡುವುದನ್ನು ನೋಡುತ್ತಾ ಬೆಳೆದವಳು. ಕೋವಿಯ ಮೂತಿ ಯಾವ ಕಡೆ ಇದೆ ಅಂತ ಅಂಗಳದ ಆ ತುದಿಯಲ್ಲಿ ನಿಂತವರಿಗೂ ಕಾಣುತ್ತದೆ, ತಕ್ಷಣ ಗದರುತ್ತಾರೆ. ಅಂಗಿಯೊಳಗಿನ ಪಿಸ್ತೂಲಿಗೆ ಗದರುವವರು ಯಾರೂ ಇಲ್ಲ. ಆ ಕೆಲಸ ನೀವೇ ಮಾಡಿಕೊಳ್ಳಬೇಕು.

ಅದಕ್ಕೇ ಅಪೆಂಡಿಕ್ಸ್ ಆರಿಸಿದರೆ ಎರಡು ವಿಷಯ ನೋಡಿ. ಹೋಲ್‌ಸ್ಟರ್‌ನ ಒಳಬದಿಗೆ, ತುದಿಯ ಹತ್ತಿರ, ಫೋಮ್‌ನ ಒಂದು ದಿಂಬು ಅಂಟಿಸಿರಬೇಕು. ಅದು ಮೂತಿಯನ್ನು ಮೈಯಿಂದ ಆಚೆ ದೂಡುತ್ತದೆ, ಹಿಡಿಯನ್ನು ಮೈಗೆ ಒತ್ತುತ್ತದೆ. ಬೆಲ್ಟಿಗೆ ಒತ್ತಿಕೊಂಡು ಹಿಡಿಯನ್ನು ಒಳಕ್ಕೆ ತಿರುಗಿಸುವ ಪುಟ್ಟ ರೆಕ್ಕೆಯಂಥ ತುಂಡೂ ಇದ್ದರೆ ಉಬ್ಬು ಇನ್ನೂ ಕಮ್ಮಿ. ಎರಡನೆಯದು, ಬೆಳಿಗ್ಗೆ ಪಿಸ್ತೂಲನ್ನು ಮೈಮೇಲಿನ ಹೋಲ್‌ಸ್ಟರ್‌ಗೆ ತುರುಕಬೇಡಿ. ಹೋಲ್‌ಸ್ಟರ್ ಕೈಯಲ್ಲಿ ಹಿಡಿದು, ಮೂತಿ ಸುರಕ್ಷಿತ ದಿಕ್ಕಿಗೆ ಮಾಡಿ, ಪಿಸ್ತೂಲು ಒಳಗೆ ಕೂರಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಸೊಂಟಕ್ಕೆ ಹಾಕಿಕೊಳ್ಳಿ. ಸಂಜೆ ತೆಗೆಯುವಾಗಲೂ ಒಟ್ಟಿಗೇ ತೆಗೆಯಿರಿ. ಹೀಗೆ ಮಾಡಿದರೆ ದಿನವೆಲ್ಲ ಟ್ರಿಗರ್ ಮುಚ್ಚಿಕೊಂಡೇ ಇರುತ್ತದೆ.

ಬೆನ್ನಿನ ನಡುವೆ ಇಟ್ಟುಕೊಳ್ಳಬೇಡಿ. ಜಾರಿ ಬಿದ್ದರೆ ಬೆನ್ನುಮೂಳೆಯ ಕೆಳಗೆ ಕಬ್ಬಿಣದ ಗಟ್ಟಿ. ಭುಜದ ಹೋಲ್‌ಸ್ಟರ್‌ಗಳಲ್ಲಿ ಸಾಮಾನ್ಯವಾಗಿ ಪಿಸ್ತೂಲಿನ ಮೂತಿ ಹಿಂದೆ ನಿಂತವರ ಕಡೆಗಿರುತ್ತದೆ, ಅದೂ ಬೇಡ.

ಗುಂಡು ಹಾರುವ ಅಪಾಯ ಯಾವ ಕ್ಷಣದಲ್ಲಿ ಹೆಚ್ಚು ಅಂತ ಕೇಳಿದರೆ, ಪಿಸ್ತೂಲನ್ನು ವಾಪಸ್ ಹೋಲ್‌ಸ್ಟರ್‌ಗೆ ಹಾಕುವಾಗ ಅಂತ ಅನುಭವ ಇರುವವರೆಲ್ಲ ಹೇಳುತ್ತಾರೆ. ತೆಗೆಯುವಾಗ ಆತುರ ಇರಬಹುದು. ವಾಪಸ್ ಹಾಕುವಾಗ ಯಾವ ಆತುರವೂ ಇಲ್ಲ. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜ್‌ನಲ್ಲಿ ಎಡಗೈಯಿಂದ ಅಂಗಿಯನ್ನು ಎದೆಯವರೆಗೂ ಎತ್ತಿ ಹಿಡಿಯಿರಿ. ಹೋಲ್‌ಸ್ಟರ್‌ನ ಬಾಯಿ ಕಣ್ಣಿಂದ ನೋಡಿ. ಬೆರಳು ಟ್ರಿಗರ್‌ನಿಂದ ದೂರ, ಸ್ಲೈಡ್‌ನ ಪಕ್ಕಕ್ಕೆ ನೆಟ್ಟಗೆ. ಸೊಂಟ ಸ್ವಲ್ಪ ಮುಂದಕ್ಕೆ ಮಾಡಿದರೆ ಮೂತಿ ಮೈಯಿಂದ ದೂರ ಸರಿಯುತ್ತದೆ. ನಿಧಾನಕ್ಕೆ ಒಳಗಿಳಿಸಿ. ಎಲ್ಲಾದರೂ ತಡೆದ ಹಾಗೆ ಅನ್ನಿಸಿದರೆ ಒತ್ತಬೇಡಿ. ಪೂರ್ತಿ ಹೊರಗೆ ತೆಗೆದು, ಏನು ಸಿಕ್ಕಿದೆ ನೋಡಿ. ಜಾಕೆಟ್‌ನ ದಾರದ ತುದಿಗೆ ಇರುವ ಪ್ಲಾಸ್ಟಿಕ್ ಮಣಿ ಟ್ರಿಗರ್ ಗಾರ್ಡ್ ಒಳಗೆ ಸೇರಿ ಗುಂಡು ಹಾರಿದ್ದುಂಟು. ನೀವು ಹಾಕುವ ಜಾಕೆಟ್‌ಗಳಿಂದ ಆ ದಾರ ಕಿತ್ತುಬಿಡಿ.

ದಾರದ ಮಾತು ಬಂತಲ್ಲ, ಚೂಡಿದಾರ್‌ಗೆ ಬರೋಣ. ಇಲ್ಲಿನ ಯಾವ ಹೋಲ್‌ಸ್ಟರ್ ಗೈಡ್‌ನಲ್ಲೂ ಲಾಡಿಯ ವಿಷಯ ಇರುವುದಿಲ್ಲ. ಪ್ಯಾಂಟಿನ ಲಾಡಿ ಗಂಟು ಬೀಳುವುದು ಹೊಟ್ಟೆಯ ಮುಂದೆ, ಅಪೆಂಡಿಕ್ಸ್ ಹೋಲ್‌ಸ್ಟರ್ ಕೂರುವ ಜಾಗದ ಪಕ್ಕದಲ್ಲೇ. ಗಂಟಿನ ಎರಡು ತುದಿ ಜೋತಾಡುತ್ತಿರುತ್ತವೆ, ಕೆಲವಕ್ಕೆ ಕುಚ್ಚು ಬೇರೆ. ಪಿಸ್ತೂಲು ಒಳಗಿಳಿಯುವಾಗ ಆ ತುದಿ ಟ್ರಿಗರ್ ಗಾರ್ಡ್ ಒಳಗೆ ಹೋಗಲು ಒಂದು ಕ್ಷಣ ಸಾಕು. ಲಾಡಿಯ ಪ್ಯಾಂಟಿಗೆ ಹೋಲ್‌ಸ್ಟರ್ ಕ್ಲಿಪ್ ಸಿಕ್ಕಿಸಲೂಬೇಡಿ, ಅಷ್ಟು ಭಾರಕ್ಕೆ ಅದು ಜಗ್ಗಿ ಇಳಿಯುತ್ತದೆ. ಲೆಗ್ಗಿಂಗ್ಸ್‌ನ ಎಲಾಸ್ಟಿಕ್ ಕೂಡ ಹಾಗೆಯೇ.

ಇದಕ್ಕೆ ಪರಿಹಾರ, ಪ್ಯಾಂಟಿನ ಮೇಲೆ ಆಧಾರಪಡದೆ ಮೈಗೇ ಕಟ್ಟಿಕೊಳ್ಳುವ ತನ್ನದೇ ಬೆಲ್ಟ್ ಇರುವ ವ್ಯವಸ್ಥೆ. ಪಿಎಚ್‌ಎಲ್‌ಸ್ಟರ್ ಕಂಪನಿಯ ಎನಿಗ್ಮಾ ಇಂಥದ್ದು. ಒಂದು ಗಟ್ಟಿ ಪ್ಲಾಸ್ಟಿಕ್ ತಟ್ಟೆಗೆ ಕೈಡೆಕ್ಸ್ ಹೋಲ್‌ಸ್ಟರ್ ಕೂರುತ್ತದೆ, ಆ ತಟ್ಟೆಯನ್ನು ತೆಳ್ಳನೆಯ ಬೆಲ್ಟ್ ಮೈಗೆ ಹಿಡಿದಿಡುತ್ತದೆ. ಬೆಲೆ ಸ್ವಲ್ಪ ಜಾಸ್ತಿ, ಸರಿಹೊಂದಿಸಲು ತಾಳ್ಮೆ ಬೇಕು. ಆದರೆ ಜೀನ್ಸ್‌ಗೂ ಚೂಡಿದಾರ್‌ಗೂ ಒಂದೇ ಜಾಗದಲ್ಲಿ ಕೂರುತ್ತದೆ. ಕೈ ಒಂದೇ ಜಾಗಕ್ಕೆ ಹೋಗಿ ಅಭ್ಯಾಸ ಆಗುವುದು ದೊಡ್ಡ ಲಾಭ. ನಿಮ್ಮ ಉಡುಗೆ ನೋಡಿದರೆ ನಾನು ಇದನ್ನೇ ಆರಿಸುತ್ತಿದ್ದೆ. ಹೊಟ್ಟೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿಗಳು ಅಗ್ಗಕ್ಕೆ ಸಿಗುತ್ತವೆ. ಬರೀ ಬಟ್ಟೆಯ ಜೇಬಿದ್ದರೆ ಅದು ನಿಮ್ಮ ನೈಲಾನ್ ಹೋಲ್‌ಸ್ಟರ್‌ನ ಅಣ್ಣ, ಬೇಡ. ಟ್ರಿಗರ್ ಮೇಲೆ ಕೈಡೆಕ್ಸ್ ಚಿಪ್ಪು ಇದ್ದರೆ ಮಾತ್ರ ಯೋಚಿಸಬಹುದು.

ಇನ್ನೂ ಒಂದು ಗಮನಿಸಿ. ಕುರ್ತಾದ ಸೀಳು ಇರುವುದು ಪಕ್ಕಕ್ಕೆ. ಸೊಂಟದ ಪಕ್ಕದಲ್ಲಿಟ್ಟ ಪಿಸ್ತೂಲು ಗಾಳಿಗೆ, ಮೆಟ್ಟಿಲು ಹತ್ತುವಾಗ ಕಾಣಿಸಿಬಿಡುತ್ತದೆ. ಮುಂದಿನ ಭಾಗ ಮಾತ್ರ ಮೊಣಕಾಲಿನವರೆಗೆ ಅಖಂಡ ಬಟ್ಟೆ. ಹಾಗಾಗಿಯೂ ಮುಂದೆಯೇ ಸರಿ. ದುಪಟ್ಟಾ ಜೋತಾಡದಂತೆ ಹಿಂದಕ್ಕೆ ಪಿನ್ ಮಾಡಿಕೊಳ್ಳಿ.

ಸೀರೆ ಉಟ್ಟ ದಿನ ಪಿಸ್ತೂಲು ಮನೆಯಲ್ಲೇ ಇರಲಿ. ನೆರಿಗೆ, ಸೆರಗು, ಪೆಟಿಕೋಟ್ ಲಾಡಿ, ಇಷ್ಟು ಬಟ್ಟೆಯ ನಡುವೆ ಟ್ರಿಗರ್ ಸುರಕ್ಷಿತವಾಗಿಡುವ ದಾರಿ ನನಗೆ ಒಪ್ಪಿಗೆಯಾಗುವಂಥದ್ದು ಒಂದೂ ಇಲ್ಲ.

ಇನ್ನು ಹ್ಯಾಂಡ್‌ಬ್ಯಾಗ್. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. 2014ರ ಡಿಸೆಂಬರ್ 30ರಂದು ಐಡಾಹೋದ ಹೇಡನ್ ಊರಿನ ವಾಲ್‌ಮಾರ್ಟ್‌ನಲ್ಲಿ ಒಬ್ಬ ತಾಯಿ ಮಕ್ಕಳ ಜೊತೆ ಸಾಮಾನು ಕೊಳ್ಳುತ್ತಿದ್ದರು. 29 ವರ್ಷ, ವಿಜ್ಞಾನಿ, ಬಂದೂಕಿನ ಅಭ್ಯಾಸ ಚೆನ್ನಾಗಿದ್ದವರು. ಪಿಸ್ತೂಲು ಇಟ್ಟುಕೊಳ್ಳಲೆಂದೇ ಮಾಡಿದ, ಜಿಪ್ ಇರುವ ಬ್ಯಾಗ್ ಅದು. ಗಾಡಿಯಲ್ಲಿ ಕೂತಿದ್ದ ಎರಡು ವರ್ಷದ ಮಗುವಿನ ಕೈಗೆ ಪಿಸ್ತೂಲು ಸಿಕ್ಕಿತು. ಮಗುವಿನ ಕೈಯಲ್ಲಿ ಹಾರಿದ ಗುಂಡಿಗೆ ತಾಯಿ ಅಲ್ಲೇ ತೀರಿಕೊಂಡರು. ನಿಮ್ಮ ಮಗನಿಗೆ ಆರು ವರ್ಷ. ಅಮ್ಮನ ಬ್ಯಾಗ್‌ನಲ್ಲಿ ಚಾಕೊಲೇಟ್ ಹುಡುಕದ ಮಗು ಉಂಟಾ?

ಬ್ಯಾಗ್‌ನದು ಇನ್ನೂ ಒಂದು ತೊಂದರೆ, ಮರೆವು. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 6,737 ಬಂದೂಕುಗಳು ಸಿಕ್ಕವು. ಅವುಗಳಲ್ಲಿ ನೂರಕ್ಕೆ 93ರಷ್ಟು ಗುಂಡು ತುಂಬಿದ್ದವು. ಸಿಕ್ಕಿಬಿದ್ದವರು ಸಾಮಾನ್ಯವಾಗಿ ಹೇಳುವ ಮಾತು ‘ಬ್ಯಾಗ್‌ನಲ್ಲಿತ್ತು, ಮರೆತೇಹೋಗಿತ್ತು’ ಅಂತ. ನಿಮ್ಮೂರಿನ ಡಿಎಫ್‌ಡಬ್ಲ್ಯು (ಡಲ್ಲಾಸ್-ಫೋರ್ಟ್ ವರ್ತ್) ನಿಲ್ದಾಣ ಆ ಪಟ್ಟಿಯಲ್ಲಿ ಮೇಲೆಯೇ ಇರುತ್ತದೆ. ಮೈಮೇಲಿನ ಪಿಸ್ತೂಲು ಮರೆಯುವುದು ಕಷ್ಟ.

ಮನೆಗೆ ಬಂದ ಮೇಲೆ ಹೋಲ್‌ಸ್ಟರ್ ಸಾಲದು ಅನ್ನುವುದು ನೆನಪಿರಲಿ. ಹೋಲ್‌ಸ್ಟರ್ ಬಟ್ಟೆಯಿಂದ, ಕೀಲಿಕೈಯಿಂದ ಟ್ರಿಗರ್ ಕಾಯುತ್ತದೆ. ಮಗುವಿನಿಂದ ಕಾಯುವುದಿಲ್ಲ. ಪಿಸ್ತೂಲು ಮೈಯಿಂದ ಕೆಳಗಿಳಿದರೆ ಹೋಲ್‌ಸ್ಟರ್ ಸಮೇತ ನೇರ ಲಾಕ್ ಇರುವ ಪೆಟ್ಟಿಗೆಗೆ, ಗೋಡೆಗೋ ನೆಲಕ್ಕೋ ಬೋಲ್ಟ್ ಮಾಡಿದ ಪೆಟ್ಟಿಗೆಗೆ. ಮಂಚದ ಪಕ್ಕದ ಡ್ರಾಯರ್, ಬೀರುವಿನ ಮೇಲ್ತಟ್ಟು ಲೆಕ್ಕಕ್ಕಿಲ್ಲ. ಟೆಕ್ಸಸ್‌ನಲ್ಲಿ 17 ವರ್ಷದೊಳಗಿನ ಮಗುವಿಗೆ ಗುಂಡು ತುಂಬಿದ ಬಂದೂಕು ಸಿಗುವ ಹಾಗೆ ಬಿಟ್ಟರೆ ಅದೇ ಒಂದು ಅಪರಾಧ.

ಮೊದಲ ಎರಡು ವಾರ ಮನೆಯೊಳಗೆ ಖಾಲಿ ಪಿಸ್ತೂಲನ್ನೇ ಹೋಲ್‌ಸ್ಟರ್‌ನಲ್ಲಿ ಹಾಕಿಕೊಂಡು ಓಡಾಡಿ. ಬಗ್ಗಿ ಶೂ ಕಟ್ಟಿ, ಕಾರಿನಲ್ಲಿ ಸೀಟ್‌ಬೆಲ್ಟ್ ಹಾಕಿ ಕೂತು ನೋಡಿ. ಟಾಯ್ಲೆಟ್‌ಗೆ ಹೋದಾಗ ಏನು ಮಾಡುತ್ತೀರಿ ಅಂತಲೂ ಈಗಲೇ ರೂಢಿ ಮಾಡಿಕೊಳ್ಳಿ. ಪಿಸ್ತೂಲು ಹೋಲ್‌ಸ್ಟರ್‌ನಿಂದ ಹೊರಗೆ ಬರಬಾರದು. ಕೊಕ್ಕೆಗೆ ತೂಗುಹಾಕುವುದು, ಟಾಯ್ಲೆಟ್ ಪೇಪರ್ ಡಬ್ಬದ ಮೇಲೆ ಇಡುವುದು ಮಾಡಬಾರದು. ಸಾರ್ವಜನಿಕ ಟಾಯ್ಲೆಟ್‌ಗಳಲ್ಲಿ ಪಿಸ್ತೂಲು ಬಿಟ್ಟು ಹೋದವರಲ್ಲಿ ಪೊಲೀಸರೂ ಇದ್ದಾರೆ. ದಿನದ ಕೊನೆಗೆ ಹೋಲ್‌ಸ್ಟರ್ ಒಮ್ಮೆಯೂ ಜಾರಿಲ್ಲ, ಟ್ರಿಗರ್ ಒಮ್ಮೆಯೂ ಒತ್ತಿಲ್ಲ ಅಂತ ಖಾತ್ರಿಯಾದ ಮೇಲೆಯೇ ಗುಂಡು ತುಂಬಿ ಹೊರಗೆ ಹೊರಡಿ.

ಕೈಡೆಕ್ಸ್ ಹೋಲ್‌ಸ್ಟರ್‌ಗೆ ಬೇಕಾದ ಆರೈಕೆ ಸ್ಕ್ರೂಗಳದ್ದು ಮಾತ್ರ. ನಡೆದಾಡುವ ಅಲುಗಾಟಕ್ಕೆ ಅವು ಸಡಿಲ ಆಗುತ್ತವೆ. ಬಿಗಿ ಸರಿಹೋದ ಮೇಲೆ ಸ್ಕ್ರೂ ತೆಗೆದು ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ ಹಾಕಿ ಮತ್ತೆ ಕೂರಿಸಿ. ಸ್ಕ್ರೂ ತಲೆಯಿಂದ ಹೋಲ್‌ಸ್ಟರ್ ಮೇಲಕ್ಕೆ ಒಂದು ಗೆರೆ ನೇಲ್ ಪಾಲಿಶ್ ಎಳೆಯಿರಿ. ಆ ಗೆರೆ ತುಂಡಾಗಿ ಕಂಡರೆ ಸ್ಕ್ರೂ ತಿರುಗಿದೆ ಅಂತ ಗೊತ್ತಾಗುತ್ತದೆ.

ಇದನ್ನು ಓದುವ ಬೇರೆ ಕನ್ನಡಿಗರಿಗೂ ಒಂದು ಮಾತು ಹೇಳಬೇಕು. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದ, ಕಾನೂನಿನ ತಡೆ ಇಲ್ಲದವರು ಲೈಸೆನ್ಸ್ ಇಲ್ಲದೆಯೂ ಕೈಬಂದೂಕು ಒಯ್ಯಬಹುದು. ಆದರೆ ಎಚ್-1ಬಿಯಂಥ ವೀಸಾದಲ್ಲಿ ಇರುವವರಿಗೆ ಕೇಂದ್ರ ಕಾನೂನು ಬಂದೂಕು ಇಟ್ಟುಕೊಳ್ಳುವುದನ್ನೇ ನಿಷೇಧಿಸಿದೆ, ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಬಿಟ್ಟರೆ. ಗ್ರೀನ್ ಕಾರ್ಡ್ ಇರುವವರಿಗೆ ಆ ತಡೆ ಇಲ್ಲ. ಟೆಕ್ಸಸ್ ಬಿಡುತ್ತದೆ ಅಂತ ವೀಸಾದವರು ಕೊಂಡುಬಿಡಬೇಡಿ.

ನೀವು ಸಂಘದ ಕಾರ್ಯಕ್ರಮ ಅಂದಿರಿ. ಯುಗಾದಿ, ರಾಜ್ಯೋತ್ಸವಗಳನ್ನು ಎಷ್ಟೋ ಕಡೆ ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದು ಮಾಡುತ್ತಾರೆ. ಶಾಲೆಯ ಕಟ್ಟಡದೊಳಗೆ, ಲೈಸೆನ್ಸ್ ಇದ್ದರೂ, ಪಿಸ್ತೂಲು ಒಯ್ಯುವಂತಿಲ್ಲ. ದೇವಸ್ಥಾನ, ಆಫೀಸು, ಅಂಗಡಿಗಳ ಬಾಗಿಲಲ್ಲಿ 30.06 ಅನ್ನುವ ಬೋರ್ಡ್ ಇದ್ದರೆ ಬಚ್ಚಿಟ್ಟುಕೊಂಡು ಹೋಗುವುದಕ್ಕೂ ಅನುಮತಿ ಇಲ್ಲ. ನಿಮ್ಮ ಆಫೀಸಿನ ನಿಯಮವನ್ನೂ ಎಚ್‌ಆರ್ ಹತ್ತಿರ ಮೊದಲೇ ನೋಡಿಕೊಳ್ಳಿ. ಅಂಥ ಜಾಗಕ್ಕೆ ಹೋಗುವುದು ಮೊದಲೇ ಗೊತ್ತಿದ್ದರೆ ಪಿಸ್ತೂಲು ಮನೆಯ ಪೆಟ್ಟಿಗೆಯಲ್ಲೇ ಇರಲಿ. ದಾರಿಯಲ್ಲಿ ಗೊತ್ತಾದರೆ ಕಾರಿನ ಸೀಟಿಗೆ ಕೇಬಲ್ ಹಾಕಿ ಬಿಗಿದ ಚಿಕ್ಕ ಲಾಕ್‌ಬಾಕ್ಸ್ ಬೇಕಾಗುತ್ತದೆ. ಹೋಲ್‌ಸ್ಟರ್ ಪೂರ್ತಿ ಒಳಗೆ ಹೋಗುವಷ್ಟು ದೊಡ್ಡದು ತೆಗೆದುಕೊಳ್ಳಿ. ಚಿಕ್ಕದಾದರೆ ಪ್ರತಿಸಲವೂ ಕಾರಿನ ಇಕ್ಕಟ್ಟಿನಲ್ಲಿ ಪಿಸ್ತೂಲು ಹೊರಗೆ ತೆಗೆದು ಹಾಕಬೇಕಾಗುತ್ತದೆ.